ರೆಕ್ಕೆ ಕತ್ತರಿಸದ ಮೀನು

ಎಲೋಫನ ಫೋನು ಬಂದಾಗ ಡಾಗ್ನಿ ಅಡುಗೆಮನೆಯಲ್ಲಿ ಗಂಡನ ಗಡ್ಡ ಹೆರೆಯುತ್ತಿದ್ದಳು. ನವೆಂಬರ್ ಮುಗಿಯುತ್ತ ಬಂದಿತ್ತು. ವೇನೆರ್ನ್ ಸರೋವರದ ಮೇಲೆ ವಾರದಿಂದ ಸೂರ್ಯನ ಮುಖ ಕಂಡಿರಲಿಲ್ಲ. ಹುಲ್ಟ್‌ವಿಕ್‌ನ ಪುಟ್ಟ ಬಂದರಿನಲ್ಲಿ ಉಳಿದವರ ದೋಣಿಗಳೆಲ್ಲ ಆಗಲೇ ದಡ ಹತ್ತಿ, ಟಾರ್ಪಾಲು ಹೊದ್ದು ಮಲಗಿದ್ದವು. ಡಾಗ್ನಿಯ ದೋಣಿ ಮಾತ್ರ ಇನ್ನೂ ನೀರಿನಲ್ಲಿತ್ತು. ದೊಡ್ಡ ಟ್ರೌಟ್ ಮೀನುಗಳು ಮೇಲಕ್ಕೆ ಬರುವುದೇ ನೀರು ತಣ್ಣಗಾದ ಮೇಲೆ. ಅದಕ್ಕಾಗಿಯೇ ಊರಾಚೆಯಿಂದ ಬರುವವರು ಇದ್ದರು. ಅವರನ್ನು ಕರೆದುಕೊಂಡು ಹೋಗಿ ಮೀನು ಹಿಡಿಸಿ ಕರೆತರುವುದು ಅವಳ ಕೆಲಸ.

"ಡಾಗ್ನಿ, ನಾನು," ಎಂದ ಎಲೋಫ್. ನಿನ್ನೆ ಸಂಜೆಯಷ್ಟೇ ಮಾತಾಡಿ ಇಟ್ಟವನ ಹಾಗೆ. "ಒಂದು ದಿನ ಬರ್ಲಾ? ಗುರುವಾರ ಗಾಳಿ ಕಡಿಮೆ ಅಂತಿದಾರೆ."

ಅವಳು ಫೋನು ಹಿಡಿದುಕೊಂಡು ಹೊರಗಿನ ಜಗಲಿಗೆ ಹೋದಳು. ಬಾ ಎಂದಳು. ಫೋನು ಇಟ್ಟಳು. ಒಳಗೆ ಬಂದು, ಅರ್ಧ ಹೆರೆದ ಗಲ್ಲಕ್ಕೆ ಮತ್ತೆ ನೊರೆ ಹಚ್ಚಿದಳು. ಯಾರು ಎನ್ನುವಂತೆ ತೂರೆ ಹುಬ್ಬೇರಿಸಿದ. ಗಿರಾಕಿ ಎಂದಳು.

ತೂರೆಗೆ ಲಕ್ವ ಹೊಡೆದು ಮೂರು ವರ್ಷವಾಗಿತ್ತು. ಬಲಗೈ ಬಲಗಾಲು ಬಿದ್ದುಹೋದವು, ನಾಲಿಗೆಯೂ ಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಆದರೆ ತಿರುಗಿ ಹೇಳಲು ಅವನ ಬಳಿ ಉಳಿದದ್ದು 'ಹೌದು' ಎಂಬ ಮಾತು ಮತ್ತು ಒಂದು ಕೆಟ್ಟ ಬೈಗುಳ. ಬೈಗುಳವನ್ನು ಅವನು ಸ್ಪಷ್ಟವಾಗಿ ಅನ್ನುತ್ತಿದ್ದ. ಆಸ್ಪತ್ರೆಯಲ್ಲಿ ಪಾದ್ರಿ ನೋಡಲು ಬಂದಾಗ ಅದೇ ಬಾಯಿಗೆ ಬಂದಿತ್ತು. ಪಾದ್ರಿ ನಕ್ಕು ಪಕ್ಕದಲ್ಲಿ ಕೂತುಕೊಂಡಿದ್ದರು.

ಅದಕ್ಕೂ ಮೊದಲು ಎಷ್ಟೋ ವರ್ಷ, ಶರತ್ಕಾಲದ ಕೊನೆಯಲ್ಲಿ, ಬೇರೆ ಗಿರಾಕಿಗಳೆಲ್ಲ ಹೋದಮೇಲೆ ಎಲೋಫ್ ಬರುತ್ತಿದ್ದ. ಓರೆಬ್ರೂ ಪಟ್ಟಣದಲ್ಲಿ ಅವನದೊಂದು ಬೀಗದ ಅಂಗಡಿ. ಒಂದು ವಾರ ಬಾಗಿಲು ಹಾಕಿ ಬಂದು ಇವರ ಮಹಡಿಯ ಕೋಣೆಯಲ್ಲಿ ಇರುತ್ತಿದ್ದ. ಬೆಳಕು ಹರಿಯುವ ಮೊದಲೇ ಅವನೂ ತೂರೆಯೂ ದೋಣಿಯಲ್ಲಿ ಹೊರಟರೆ ಕತ್ತಲಾದ ಮೇಲೆಯೇ ಬರುವುದು. ಊಟಕ್ಕೆ ಕೂತಾಗ ಇಬ್ಬರೂ ಒಬ್ಬರನ್ನೊಬ್ಬರು ಹಂಗಿಸುತ್ತಿದ್ದರೇ ಹೊರತು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ತೂರೆಗೆ ಅಣ್ಣತಮ್ಮಂದಿರಿಲ್ಲ. ಇದ್ದಿದ್ದರೆ ಹೀಗೆಯೇ ಇರುತ್ತಿದ್ದರೇನೋ ಎಂದು ಅವಳಿಗೆ ಅನ್ನಿಸುತ್ತಿತ್ತು.

ಲಕ್ವ ಹೊಡೆದ ವಾರ ಆಸ್ಪತ್ರೆಗೆ ಎಲೋಫನ ಹೆಸರಿನಲ್ಲಿ ಹೂವು ಬಂತು. ಕ್ರಿಸ್‌ಮಸ್‌ಗೆ ಒಂದು ಕಾರ್ಡು. ಆಮೇಲೆ ಏನೂ ಇಲ್ಲ. ಮೊದಲ ವರ್ಷ ಕಾರಿನ ಸದ್ದಾದಾಗಲೆಲ್ಲ ತೂರೆ ಕಿಟಕಿಯತ್ತ ಕತ್ತು ಹೊರಳಿಸುತ್ತಿದ್ದ. ಎರಡನೇ ವರ್ಷ ಹೊರಳಿಸುವುದು ನಿಂತಿತು. ಡಾಗ್ನಿ ದೋಣಿಯನ್ನು ತಾನೇ ನಡೆಸತೊಡಗಿದ್ದಳು. ಮೀನುಗಳಿಗೆ ತೂರೆಯ ಮುಖದ ಗುರುತಿದೆ, ಹೆಂಡತಿಯನ್ನು ಕಂಡರೆ ಹೆದರಿ ತಳಕ್ಕೆ ಇಳಿಯುತ್ತವೆ ಎಂದು ಬಂದರಿನ ಕಾಫಿ ಗುಡಿಸಲಿನಲ್ಲಿ ನಗಾಡುತ್ತಿದ್ದರು. ಅದನ್ನೆಲ್ಲ ಅವಳು ನುಂಗಿಕೊಂಡಿದ್ದಳು. ಎಲೋಫನದನ್ನು ಮಾತ್ರ ನುಂಗಲಾಗಿರಲಿಲ್ಲ.

ಹಾಗಾಗಿ ಗುರುವಾರ ಅವನು ಬರುವ ವಿಷಯವನ್ನು ಅವಳು ತೂರೆಗೆ ಹೇಳಲಿಲ್ಲ. ಬಂದೂ ಮನೆಗೆ ಬರದೆ ಹೋದರೆ ಇವನಿಗೇಕೆ ನೋವು ಎಂದು ತನಗೆ ತಾನೇ ಕಾರಣ ಕೊಟ್ಟುಕೊಂಡಳು. ಪುರಸಭೆಯಿಂದ ಆರೈಕೆಗೆ ಬರುವ ಹೆಂಗಸನ್ನು ತೂರೆಯ ಬಳಿ ಕೂರಿಸಿ, ಬಟಾಣಿ ಸಾರನ್ನು ಒಲೆಯ ಮೇಲಿಟ್ಟು, ಇಳಿಜಾರಿನ ದಾರಿ ಹಿಡಿದು ಬಂದರಿಗೆ ಇಳಿದಳು.

ದೋಣಿ ಕಟ್ಟುವ ಕಟ್ಟೆಯ ಬುಡದಲ್ಲಿ ಕಾರು ನಿಂತಿತ್ತು. ಅದರಿಂದ ಇಳಿದ ಮನುಷ್ಯನನ್ನು ಅವಳು ಮೊದಲು ಗುರುತಿಸಲೇ ಇಲ್ಲ. ಎಲೋಫ್ ಬಾಗಿಲು ತುಂಬುವಂಥ ಆಳು. ಈಗ ಅದೇ ಹಳೆಯ ಜಾಕೆಟ್ಟು ಅವನ ಮೈಮೇಲೆ ಗೂಟಕ್ಕೆ ನೇತುಹಾಕಿದಂತೆ ಇತ್ತು, ಮುಖ ಹಳದಿಗಟ್ಟಿತ್ತು. ಕಾರು ಓಡಿಸಿಕೊಂಡು ಬಂದವಳು ಅವನ ಮಗಳು ಮಾಲಿನ್. ಅವಳು ಚಿಕ್ಕವಳಿದ್ದಾಗ ಒಮ್ಮೆ ಬಂದು, ದೋಣಿಯಲ್ಲಿ ವಾಂತಿ ಮಾಡಿಕೊಂಡು, ಮತ್ತೆಂದೂ ಬಂದಿರಲಿಲ್ಲ.

ಎಲೋಫ್ ದೋಣಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿರುವಾಗ ಮಾಲಿನ್ ಡಾಗ್ನಿಯನ್ನು ಪಕ್ಕಕ್ಕೆ ಕರೆದಳು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ, ವೈದ್ಯರು ಕೈಚೆಲ್ಲಿದ್ದಾರೆ, ಈಸ್ಟರ್ ಹಬ್ಬದವರೆಗೆ ಕಷ್ಟ ಎಂದಳು. ಹೇಳಬೇಡ ಎಂದು ಅಪ್ಪ ಆಣೆ ಹಾಕಿಸಿದ್ದಾನೆ, ಗೊತ್ತಿಲ್ಲದವರ ಹಾಗೆ ಇರಿ ಎಂದೂ ಕೇಳಿಕೊಂಡಳು. ಡಾಗ್ನಿ ತಲೆಯಾಡಿಸಿದಳು. ಮೂರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ ಸಿಟ್ಟನ್ನು ಈಗ ಎಲ್ಲಿ ಇಡಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ಸರೋವರ ಬೂದಿಯ ಬಣ್ಣಕ್ಕಿತ್ತು. ಬಂಡೆದ್ವೀಪಗಳನ್ನು ದಾಟಿದ ಮೇಲೆ ಆಚೆಯ ದಡವಿಲ್ಲ. ನೀರೇ ಆಕಾಶಕ್ಕೆ ಹೋಗಿ ಸೇರುತ್ತದೆ. ಡಾಗ್ನಿ ಎಂಜಿನ್ನನ್ನು ಆದಷ್ಟು ನಿಧಾನಕ್ಕೆ ಇಳಿಸಿ, ದಾರಗಳನ್ನು ಒಂದೊಂದಾಗಿ ಬಿಟ್ಟಳು. ದೋಣಿಯ ಎರಡೂ ಪಕ್ಕ ದೂರಕ್ಕೆ ಸರಿದು ಹೋಗುವ ಪುಟ್ಟ ಹಲಗೆಗಳು ದಾರಗಳನ್ನು ಹರಡಿ ಎಳೆದುಕೊಂಡು ಹೋದವು; ಅವುಗಳ ಹಿಂದೆ ನೀರಿನಡಿಯಲ್ಲಿ ತಗಡಿನ ಹುಸಿಮೀನುಗಳು. ಇನ್ನು ಕಾಯುವುದೇ ಕೆಲಸ. ಎಲೋಫ್ ಹಿಂಭಾಗದ ಬೆಂಚಿನಲ್ಲಿ ಕಂಬಳಿ ಹೊದ್ದು ಕೂತ.

"ತೂರೆಯಾಗಿದ್ರೆ ಇನ್ನೂ ಎಡಕ್ಕೆ ಹಿಡೀತಿದ್ದ," ಎಂದ.

"ತೂರೆಯಾಗಿದ್ರೆ ನಿನ್ನನ್ನ ಕಟ್ಟೆ ಮೇಲೇ ಬಿಟ್ಟು ಬರ್ತಿದ್ದ," ಎಂದಳು ಡಾಗ್ನಿ.

ಅವನು ನಕ್ಕ. ನಗು ಕೆಮ್ಮಾಯಿತು. ಮಾಲಿನ್ ಥರ್ಮಾಸ್‌ನಿಂದ ಕಾಫಿ ಬಗ್ಗಿಸಿ ಕೊಟ್ಟಳು. ಅವನು ಕುಡಿಯದೆ ಲೋಟದ ಬಿಸಿಗೆ ಕೈ ಕಾಯಿಸಿಕೊಂಡ. ರೊಟ್ಟಿ, ಮೇಲೆ ಸವರಿದ ಅರೆದ ಲಿವರು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ—ಡಾಗ್ನಿ ಮುಂದಿಟ್ಟದ್ದನ್ನು ಒಂದು ತುಣುಕು ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದು, ಯಾರೂ ನೋಡುತ್ತಿಲ್ಲವೆಂದುಕೊಂಡು ನೀರಿಗೆ ಬಿಟ್ಟ. ಹಾಗೆಯೇ ಬೆಳಗು ಕಳೆಯಿತು. ರೆಕ್ಕೆ ಕತ್ತರಿಸಿದ ಸಣ್ಣದೊಂದು ಟ್ರೌಟ್ ಸಿಕ್ಕಿತು. ಅದನ್ನು ಎಳೆಯಲು ಎಲೋಫ್ ಕೋಲನ್ನು ಮಾಲಿನ್‌ಗೆ ಕೊಟ್ಟ.

ತೂರೆಯ ಹೆಸರು ಬಂದಿತ್ತಲ್ಲ, ಇನ್ನು ಅವನೇ ಮುಂದೆ ಕೇಳುತ್ತಾನೆ ಎಂದು ಡಾಗ್ನಿ ಕಾದಳು. ಕೇಳಲಿಲ್ಲ. ಕೊನೆಗೆ ಅವಳೇ, ಸ್ಟೀರಿಂಗಿನಿಂದ ತಿರುಗದೆ ಕೇಳಿದಳು:

"ಒಂದ್ಸಲ ಬಂದು ಹೋಗೋಕೆ ನಿನಗೆ ಏನಾಗಿತ್ತು?"

ಎಲೋಫ್ ಕಂಬಳಿಯ ಅಂಚನ್ನು ಮಡಚಿ, ಮತ್ತೆ ಬಿಡಿಸಿದ.

ಬಂದಿದ್ದೆ, ಎಂದ ಎಲೋಫ್. ಲಕ್ವ ಹೊಡೆದ ಮುಂದಿನ ವಸಂತದಲ್ಲಿ ಬಂದಿದ್ದನಂತೆ. ಕಾರನ್ನು ದಾರಿಯ ಬದಿಗೆ ನಿಲ್ಲಿಸಿ ಅಂಗಳದವರೆಗೆ ನಡೆದು ಬಂದಿದ್ದ. ಅಡುಗೆಮನೆಯ ದೀಪ ಉರಿಯುತ್ತಿತ್ತು. ಡಾಗ್ನಿ ತೂರೆಗೆ ಚಮಚದಲ್ಲಿ ಗಂಜಿ ತಿನ್ನಿಸುತ್ತಿದ್ದಳು. ತೂರೆಯ ಕತ್ತಿಗೆ ಬಟ್ಟೆ ಕಟ್ಟಿತ್ತು. ಅಷ್ಟು ನೋಡಿ ಹಿಂದಿರುಗಿದ.

"ನಾನು ನೋಡಿದ್ದು ಅವನಿಗೆ ಗೊತ್ತಾಗಬಾರದು ಅನ್ನಿಸ್ತು," ಎಂದ. "ಆಮೇಲೆ ತಡ ಆಯ್ತು. ತಡ ಆದಷ್ಟೂ ಬರೋದು ಇನ್ನೂ ಕಷ್ಟ ಆಯ್ತು. ಇಷ್ಟು ವರ್ಷ ಬಿಟ್ಟು ಬರಿಗೈಲಿ ಹೋಗಿ ಏನಂತ ನಿಂತ್ಕೊಳ್ಳೋದು?"

ಡಾಗ್ನಿ ಸ್ಟೀರಿಂಗನ್ನು ಚೂರು ತಿರುಗಿಸಿ ದೋಣಿಯನ್ನು ನೇರ ಮಾಡಿದಳು. ಆ ದಿನ ಕಿಟಕಿಯ ಪರದೆ ಎಳೆದಿದ್ದರೆ ಎಂಬ ಯೋಚನೆ ಬಂದು, ಅಷ್ಟಕ್ಕೇ ಅವಳಿಗೆ ಮತ್ತೆ ರೇಗಿತು. ಚಮಚ ಹಿಡಿದವಳು ಇವತ್ತಿಗೂ ಹಿಡಿದೇ ಇದ್ದಾಳೆ, ನೋಡಿದವನಿಗೆ ಸಂಕಟವಂತೆ.

ಬೆಳಕು ಇಳಿಯತೊಡಗಿದಾಗ ಮೀನು ಕಚ್ಚಿತು. ಎಡಗಡೆಯ ಹಲಗೆ ನೀರಿನಲ್ಲಿ ಮುಳುಗಿ, ಹಿಂದಕ್ಕೆ ಜಗ್ಗಿ, ರೀಲು ಕಿರುಗುಟ್ಟಿತು. ಡಾಗ್ನಿ ಗಾಳದ ಕೋಲನ್ನು ಕಿತ್ತು ಎಲೋಫನ ಕೈಗೆ ಕೊಟ್ಟಳು. ದಾರ ಓಡುತ್ತಲೇ ಇತ್ತು. ಇದು ಸಣ್ಣದಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಅವಳು ಉಳಿದ ದಾರಗಳನ್ನು ಸುತ್ತಿ ಒಳಗೆಳೆದಳು.

ಎಲೋಫನ ಮುಖಕ್ಕೆ ಬಣ್ಣ ಬಂದಿತ್ತು. ಮೀನು ಓಡಿದಾಗ ಬಿಟ್ಟು, ನಿಂತಾಗ ಎಳೆದು, ತೋಳಿಗೆ ಹಳೆಯದೆಲ್ಲ ನೆನಪಿತ್ತು. ಆದರೆ ಶಕ್ತಿ ಇರಲಿಲ್ಲ. ಕೆಲಹೊತ್ತಿಗೆ ಅವನು ದೋಣಿಯ ಅಂಚಿಗೆ ಒರಗಿಕೊಳ್ಳತೊಡಗಿದ. ನಾನು ಹಿಡ್ಕೊಳ್ತೀನಿ ಅಪ್ಪ, ಕೊಡು ಎಂದು ಮಾಲಿನ್ ಮುಂದೆ ಬಂದಳು. ಅವನು ಕೊಡಲಿಲ್ಲ.

"ಡಾಗ್ನಿ, ನನ್ನ ಹಿಂದಿನಿಂದ ಹಿಡ್ಕೋ," ಎಂದ.

ಅವಳು ಅವನ ಬೆನ್ನಿಗೆ ನಿಂತು, ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಕಾಲನ್ನು ದೋಣಿಯ ಪಕ್ಕೆಗೆ ಊರಿದಳು. ದಿನವೂ ತೂರೆಯನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತುವ ಕೈಗಳು ಅವು. ಮನುಷ್ಯನ ಭಾರ ಎಷ್ಟಿರುತ್ತದೆಂದು ಅವಕ್ಕೆ ಗೊತ್ತಿತ್ತು. ಎಲೋಫನಲ್ಲಿ ಭಾರವೇ ಇರಲಿಲ್ಲ. ಮೀನು ಜಗ್ಗಿದಾಗಲೆಲ್ಲ ಅವನೊಂದಿಗೆ ಅವಳೂ ಮುಂದಕ್ಕೆ ವಾಲುತ್ತಿದ್ದಳು. ಅವನ ಎದೆಬಡಿತ ಜಾಕೆಟ್ಟಿನ ಮೂಲಕ ಅವಳ ಮುಷ್ಟಿಗೆ ತಾಗುತ್ತಿತ್ತು.

ಕೊನೆಗೆ ಮೀನು ಮೇಲೆ ಬಂತು. ಮಾಲಿನ್‌ಗೆ ಜಾಕೆಟ್ಟಿನ ಪಟ್ಟಿ ಕೊಟ್ಟು ಡಾಗ್ನಿ ಬಲೆ ಚಾಚಿದಳು. ಅಂಥ ಟ್ರೌಟನ್ನು ಅವಳು ಕಂಡಿರಲಿಲ್ಲ. ತೂರೆ ಇಂಥದ್ದೊಂದನ್ನು ಹಿಡಿದಿದ್ದ, ಅದೂ ಮದುವೆಗೆ ಮೊದಲು. ಬೆಳ್ಳಿಯ ಪಕ್ಕೆ, ಅದರ ಮೇಲೆ ಕಪ್ಪು ಚುಕ್ಕೆ, ತೊಡೆಯಷ್ಟು ದಪ್ಪ. ಅವಳ ಕಣ್ಣು ಮೊದಲು ಹೋದದ್ದು ಬಾಲದ ಹತ್ತಿರಕ್ಕೆ. ಬೆನ್ನಿನ ಕೊನೆಯಲ್ಲಿ ಹೆಬ್ಬೆರಳಿನಷ್ಟು ಪುಟ್ಟ ರೆಕ್ಕೆ ಹಾಗೇ ಇತ್ತು.

ತೊಟ್ಟಿಯಲ್ಲಿ ಸಾಕಿ ಸರೋವರಕ್ಕೆ ಬಿಡುವ ಮೀನುಗಳಿಗೆ ಆ ರೆಕ್ಕೆಯನ್ನು ಮರಿಯಿದ್ದಾಗಲೇ ಕತ್ತರಿಸಿರುತ್ತಾರೆ. ಅವನ್ನು ಹಿಡಿಯಬಹುದು, ತಿನ್ನಬಹುದು. ರೆಕ್ಕೆ ಇದ್ದರೆ ಅದು ಇಲ್ಲಿಯದೇ ಹೊಳೆಯಲ್ಲಿ ಹುಟ್ಟಿದ ಕಾಡುಮೀನು. ಬದುಕಿರಲಿ ಸತ್ತಿರಲಿ, ನೀರಿಗೆ ಹಿಂತಿರುಗಿಸಬೇಕು.

ಗಾಳ ಕಿವಿರಿನೊಳಗೆ ನಾಟಿತ್ತು. ಬಲೆಯ ನೀರು ಕೆಂಪಾಗುತ್ತಿತ್ತು.

"ಇದು ಬದುಕಲ್ಲ," ಎಂದ ಎಲೋಫ್. ಅವನು ಬೆಂಚಿನಲ್ಲಿ ಕುಸಿದು ಕೂತಿದ್ದ.

ಬದುಕದೇ ಇರಬಹುದು ಎಂದಳು ಡಾಗ್ನಿ. ಇಕ್ಕಳದಿಂದ ಗಾಳವನ್ನು ಬಿಡಿಸುತ್ತಿದ್ದಳು.

"ಹಾಗಿದ್ರೆ ಇದನ್ನ ನನಗೆ ಕೊಡು."

ಅವಳು ಇಕ್ಕಳವನ್ನು ಇನ್ನೊಮ್ಮೆ ಹೊರಳಿಸಿದಳು.

"ನನಗೆ ತಿನ್ನೋಕಲ್ಲ, ಡಾಗ್ನಿ. ನನಗೆ ಊಟ ಸೇರೋದೇ ಇಲ್ಲ, ನೀನೂ ನೋಡ್ತಿದ್ದೀಯ. ತೂರೆ ಹತ್ರ ತಗೊಂಡು ಹೋಗ್ತೀನಿ. ಅವನ ಮೇಜಿನ ಮೇಲೆ ಇಟ್ಟು, ನೋಡೋ, ನಿನ್ನದಕ್ಕಿಂತ ದೊಡ್ಡದು ಅಂತೀನಿ. ಅವನು ಆ ಬೈಗುಳ ಬೈಲಿ. ಬಂದರಿನಲ್ಲಿ ಯಾರೋ ಮಾಲಿನ್‌ಗೆ ಹೇಳಿದ್ರಂತೆ, ಬೈಗುಳ ಒಂದು ಉಳಿದಿದೆ ಅಂತ."

ಡಾಗ್ನಿಯ ಕೈ ನಿಂತಿತು. ಸುತ್ತ ಒಂದು ದೋಣಿಯೂ ಇರಲಿಲ್ಲ. ಕೇಳುವವರು, ನೋಡುವವರು ಯಾರೂ ಇಲ್ಲ. ಆದರೆ ಇಂಥ ಮೀನು ಮೊಟ್ಟೆಯಿಡಲೆಂದು ಆ ಹೊಳೆಯ ತಳಕ್ಕೆ ಜಲ್ಲಿ ಹೊತ್ತು ಹಾಕಿದವನು ತೂರೆ. ಮೀನಿನ ದಾರಿಗೆ ಅಡ್ಡವಾಗಿದ್ದ ಮೇಲುಗಡೆಯ ಹಳೆಯ ಒಡ್ಡನ್ನು ತೆಗೆಸಲು ಸಭೆಯಿಂದ ಸಭೆಗೆ ಅಲೆದು, ಊರಿನ ಅರ್ಧ ಜನರ ಹಗೆ ಕಟ್ಟಿಕೊಂಡವನು. ರೆಕ್ಕೆಯಿದ್ದ ಮೀನನ್ನು ದೋಣಿಗೆ ಹಾಕಿಕೊಂಡ ಗಿರಾಕಿಯನ್ನು ಅಲ್ಲೇ ಹತ್ತಿರದ ಬಂಡೆಯ ಮೇಲೆ ಇಳಿಸಿ ಬಂದವನು. ಅಂಥವನ ಮೇಜಿಗೆ ಅವನ ದೋಣಿಯಲ್ಲೇ ಇದನ್ನು ಹೊತ್ತು ಹೋಗುವುದೇ?

"ಆಗಲ್ಲ ಎಲೋಫ್," ಎಂದಳು. "ಬರಿಗೈಲೇ ಬಾ. ಸಾರು ಮಾಡಿಟ್ಟಿದ್ದೀನಿ."

ಅವನು ಮುಖ ಆಚೆ ತಿರುಗಿಸಿದ.

ಅವಳು ದೋಣಿಯ ಅಂಚಿನಿಂದ ಬಾಗಿ, ಮೀನನ್ನು ಬಾಲದ ಬಳಿ ಹಿಡಿದು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿದಳು. ತಣ್ಣೀರಿಗೆ ಕೈ ಮೊಣಕೈವರೆಗೂ ಮರಗಟ್ಟಿತು. ಕಿವಿರು ಒಮ್ಮೆ ತೆರೆಯಿತು, ಮತ್ತೆ ಒಮ್ಮೆ. ಬಹಳ ಹೊತ್ತಿನ ಮೇಲೆ ಬಾಲ ಅವಳ ಕೈಯನ್ನು ಒದ್ದಿತು, ಅವಳು ಬಿಟ್ಟಳು. ಮೀನು ಓರೆಯಾಗಿ, ನಿಧಾನವಾಗಿ ಕಪ್ಪು ನೀರಿಗೆ ಇಳಿಯಿತು.

ದಾರಗಳನ್ನು ಕಟ್ಟಿ, ಹಲಗೆಗಳನ್ನು ಒರೆಸಿಟ್ಟು, ದೋಣಿಯನ್ನು ಬಂದರಿನತ್ತ ತಿರುಗಿಸಿದಾಗ ಮುಂದೆ ನೀರಿನ ಮೇಲೆ ಕಡಲಹಕ್ಕಿಗಳು ಕೂಗಾಡುತ್ತಿದ್ದವು. ನಡುವೆ ಬಿಳಿಯದೇನೋ ತೇಲುತ್ತಿತ್ತು. ಹತ್ತಿರವಾಗುತ್ತಿದ್ದಂತೆ ಮೂವರಿಗೂ ಕಂಡಿತು: ಹೊಟ್ಟೆ ಮೇಲಾಗಿ, ಅಲೆಗೆ ಹೊರಳುತ್ತಿದ್ದ ಮೀನು. ಹಕ್ಕಿಯೊಂದು ಆಗಲೇ ಕಣ್ಣು ಕಿತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ದೋಣಿ ಅದನ್ನು ದಾಟಿತು. ಮಾಲಿನ್ ಡಾಗ್ನಿಯನ್ನು ನೋಡಿದಳು. ಡಾಗ್ನಿ ಮುಂದೆ ನೋಡುತ್ತ ದೋಣಿ ನಡೆಸಿದಳು. ಎಲೋಫ್ ಹಕ್ಕಿಗಳತ್ತಲೇ ನೋಡುತ್ತಿದ್ದ, ಬೈದಿದ್ದರೆ ಒಳ್ಳೆಯದಿತ್ತು.

ಕಟ್ಟೆಯ ಮೇಲೆ ಅವಳು ಮತ್ತೆ ಕರೆದಳು. ಮನೆ ಇಲ್ಲೇ ಮೇಲೆ, ದೀಪ ಕಾಣುತ್ತಿದೆ ಎಂದಳು. ಹೋಗೋಣ ಅಪ್ಪ, ಹತ್ತು ನಿಮಿಷ ಎಂದು ಮಾಲಿನ್ ತೋಳು ಹಿಡಿದಳು. ಎಲೋಫ್ ಕಾರಿನಲ್ಲಿ ಕೂತಿದ್ದ, ಬಾಗಿಲು ತೆರೆದೇ ಇತ್ತು. ಬೆಳಗಿನ ಹಳದಿ ಮುಖಕ್ಕೆ ಈಗ ಬೂದು ಬಂದಿತ್ತು.

"ಸುಸ್ತಾಗಿದೆ," ಎಂದ. "ಮುಂದಿನ ಸಲ ಬಂದಾಗ ಬರ್ತೀನಿ. ತೂರೆಗೆ ಹೇಳು."

ಏನು ಹೇಳಬೇಕೆಂದು ಹೇಳಲಿಲ್ಲ. ಮಾಲಿನ್ ಬಾಗಿಲು ಹಾಕಿದಳು. ಕಾರಿನ ಹಿಂದಿನ ಕೆಂಪು ದೀಪಗಳು ಪೈನ್ ಮರಗಳ ನಡುವೆ ಹೋಗಿ ಮರೆಯಾದವು.

ಆ ಸಂಜೆ ಸಾರು ಬಿಸಿ ಮಾಡುತ್ತ ಡಾಗ್ನಿ ತೂರೆಗೆ ಹೇಳಿಬಿಟ್ಟಳು. ಎಲೋಫ್ ಬಂದಿದ್ದ, ಮೈಯಲ್ಲಿ ಹುಷಾರಿಲ್ಲ, ಭಾರಿ ಮೀನು ಹಿಡಿದ, ರೆಕ್ಕೆಯಿದ್ದದ್ದು, ಬಿಟ್ಟೆವು, ಈಜಿಕೊಂಡು ಹೋಯಿತು. ಎಷ್ಟು ದೊಡ್ಡದು ಎಂದು ಕೈಯಗಲಿಸಿ ತೋರಿಸಿದಳು. ತೂರೆ ಅವಳ ಕೈಗಳನ್ನು ನೋಡಲಿಲ್ಲ, ಅವಳ ಮುಖವನ್ನು ನೋಡಿದ. ಆಮೇಲೆ ಎಡಗೈಯಿಂದ ಚಕ್ರ ನೂಕಿಕೊಂಡು, ಗಾಲಿಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತ. ಊಟ ಮುಟ್ಟಲಿಲ್ಲ. ಬಂದರಿನವರೆಗೆ ಬಂದು ಮನೆಗೆ ಬಾರದೆ ಹೋದ ಗೆಳೆಯನ ಮೇಲೆ ಸಿಟ್ಟು ಬಂದಿದೆ, ಬರಲಿ ಎಂದುಕೊಂಡಳು ಡಾಗ್ನಿ.

ಎಲೋಫ್ ಈಸ್ಟರ್ ತನಕ ಇರಲಿಲ್ಲ. ಹೊಸ ವರ್ಷ ಹುಟ್ಟಿ ಇನ್ನೂ ಕ್ರಿಸ್‌ಮಸ್ ಮರ ಹೊರಹಾಕುವ ಮೊದಲೇ ಮಾಲಿನ್‌ನ ಫೋನು ಬಂತು. ಅಂತ್ಯಕ್ರಿಯೆಗೆ ಡಾಗ್ನಿ ಒಬ್ಬಳೇ ಹೋಗಿ ಬರುವುದೆಂದಿದ್ದಳು. ತೂರೆ ಬೀರುವಿನ ಬಾಗಿಲು ತೆಗೆದು ಕಪ್ಪು ಕೋಟಿನ ತೋಳು ಹಿಡಿದು ಜಗ್ಗಿದ. ಓರೆಬ್ರೂವಿನ ಇಗರ್ಜಿಯಲ್ಲಿ ಜನ ಕಡಿಮೆ. ಶವಪೆಟ್ಟಿಗೆಯ ಪಕ್ಕಕ್ಕೆ ಅವಳು ಕುರ್ಚಿಯನ್ನು ತಳ್ಳಿದಾಗ ತೂರೆ ಬಾಗಿ ಮರದ ಮೇಲೆ ಅಂಗೈ ಇಟ್ಟು, ತೆಗೆಯಲೇ ಇಲ್ಲ. ಹಿಂದೆ ನಿಂತವರು ಹೂವು ಹಿಡಿದು ಕಾಯಬೇಕಾಯಿತು.

ಆಮೇಲೆ ಕಾಫಿಯ ಹೊತ್ತಿನಲ್ಲಿ ಮಾಲಿನ್ ಅಪ್ಪನ ಕೊನೆಯ ಟ್ರೌಟ್ ಬಗ್ಗೆ ನೆಂಟರಿಗೆ ಹೇಳಿದಳು. ಆಸ್ಪತ್ರೆಯಲ್ಲಿ ಅವನು ನರ್ಸುಗಳಿಗೆಲ್ಲ ಅದೇ ಕಥೆ ಹೇಳುತ್ತಿದ್ದನಂತೆ: ಎಂಥ ಮೀನು, ಡಾಗ್ನಿ ಹೇಗೆ ಬೆನ್ನಿಗೆ ನಿಂತು ಹಿಡಿದಿದ್ದಳು, ಬಿಟ್ಟ ಕೂಡಲೆ ಹೇಗೆ ಬಾಣದ ಹಾಗೆ ಹೋಯಿತು. ಹೇಳಿ ಮುಗಿಸಿದ ಮಾಲಿನ್ ಡಾಗ್ನಿಯ ಕಣ್ಣನ್ನು ತಪ್ಪಿಸಿದಳು. ಡಾಗ್ನಿ ಕೇಕಿನ ತಟ್ಟೆಯನ್ನು ಕೆಳಗಿಟ್ಟಳು.

ಹುಲ್ಟ್‌ವಿಕ್ ಮುಟ್ಟಿದಾಗ ಇನ್ನೂ ಚೂರು ಬೆಳಕಿತ್ತು. ಮನೆಯ ತಿರುವಿನಲ್ಲಿ ತೂರೆ ಅವಳ ತೋಳು ಹಿಡಿದು, ಬಂದರಿನತ್ತ ಬೆರಳು ತೋರಿಸಿದ. ಚಳಿ, ನಾಳೆ ಹೋಗೋಣ ಎಂದಳು. ಅವನು ತೋಳು ಬಿಡಲಿಲ್ಲ. ಅವಳು ಕಾರನ್ನು ಕೆಳಕ್ಕೆ ಇಳಿಸಿ, ಕಟ್ಟೆಯ ಬುಡದಲ್ಲಿ ನಿಲ್ಲಿಸಿ, ಅವನನ್ನು ಕುರ್ಚಿಗೆ ಎತ್ತಿ ಕೂರಿಸಿದಳು. ಹಿಮದಲ್ಲಿ ಚಕ್ರ ಹೂತುಕೊಳ್ಳುತ್ತಿತ್ತು. ಕೊಲ್ಲಿಯ ನೀರಿಗೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು.

ಗಿರಾಕಿಗಳ ಕಾರು ನಿಲ್ಲುವ, ಅಂದು ಎಲೋಫನದೂ ನಿಂತಿದ್ದ ಜಾಗವನ್ನು ತೂರೆ ತೋರಿಸಿದ. ಆಮೇಲೆ ತನ್ನ ಎದೆಯನ್ನು. ಆಮೇಲೆ ಕೈಯೆತ್ತಿ ಮೇಲಿನ ಮನೆಯನ್ನು ತೋರಿಸಿ, ಅಲ್ಲಿಂದ ಇಳಿಜಾರಿನುದ್ದಕ್ಕೂ ಬೆರಳನ್ನು ಎಳೆದುಕೊಂಡು ಬಂದು ಕಟ್ಟೆಗೆ ಮುಟ್ಟಿಸಿದ. ಅವಳಿಗೆ ತಿಳಿಯಲಿಲ್ಲ. ಅವನು ಮತ್ತೆ ಮೊದಲಿಂದ ಮಾಡಿದ. ಮೂರನೆಯ ಸಲಕ್ಕೆ ಅವಳಿಗೆ ಅರ್ಥವಾಯಿತು.

"ನಿನ್ನನ್ನೇ ಕೆಳಗೆ ಕರ್ಕೊಂಡು ಬರಬಹುದಿತ್ತು," ಎಂದಳು.

"ಹೌದು," ಎಂದ ತೂರೆ.

ಅಷ್ಟು ಸುಲಭದ್ದು ಅವಳಿಗೆ ಹೊಳೆದೇ ಇರಲಿಲ್ಲ. ಆ ಗುರುವಾರ ಬೆಳಿಗ್ಗೆ ಹೊಳೆದಿರಲಿಲ್ಲ, ಸಂಜೆ ಎಲೋಫ್ ಕಾರಿನಲ್ಲಿ ಬಾಗಿಲು ತೆರೆದು ಕೂತಿದ್ದಾಗಲೂ ಹೊಳೆದಿರಲಿಲ್ಲ. ಮೀನಿನ ವಿಷಯದಲ್ಲಿ ಅವಳು ಮಾಡಿದ್ದನ್ನು ತೂರೆಯೂ ಮಾಡುತ್ತಿದ್ದ. ಅದಕ್ಕೆ ಅವನು ಅವಳನ್ನು ದೂರುತ್ತಿರಲಿಲ್ಲ. ಆದರೆ ಎಲೋಫ್ ತಾನಾಗಿ ಏರು ಹತ್ತಿ, ಬಾಗಿಲು ತಟ್ಟಿ, ತಪ್ಪಾಯಿತು ಎನ್ನಬೇಕೆಂದು ಅವಳು ಕಾದಿದ್ದಳು. ತೂರೆಗೆ ಅದು ಬೇಕೇ ಎಂದು ಯಾವತ್ತೂ ಕೇಳಿರಲಿಲ್ಲ.

"ಅವನೇ ನಮ್ಮ ಬಾಗಿಲಿಗೆ ಬರ್ಲಿ ಅಂತ ಇತ್ತು ನನಗೆ," ಎಂದಳು. "ನಿನಗೋಸ್ಕರ ಅಂದ್ಕೊಂಡಿದ್ದೆ. ನಿನಗೋಸ್ಕರ ಅಲ್ಲ."

ಅದಕ್ಕೆ ಅವನು ಹೌದೆನ್ನಲೂ ಇಲ್ಲ. ಮಂಜುಗಡ್ಡೆಯ ಆಚೆ ಇನ್ನೂ ಹೆಪ್ಪುಗಟ್ಟದ ನೀರನ್ನು ನೋಡುತ್ತಿದ್ದ. ಅವಳು ಅವನ ಮಫ್ಲರನ್ನು ಸರಿಮಾಡಲು ಹೋದಳು. ಅವನು ಮೆಲ್ಲಗೆ ಅವಳ ಕೈಯನ್ನು ಪಕ್ಕಕ್ಕೆ ಸರಿಸಿದ. ಬೆಳಕು ಪೂರ್ತಿ ಹೋಗುವವರೆಗೆ ಇಬ್ಬರೂ ಅಲ್ಲೇ ಇದ್ದರು. ಕಾರಿಗೆ ಹತ್ತಿಸುವಾಗ ದಿನವೂ ಮಾಡುವಂತೆ ಅವನು ಅವಳ ಕತ್ತಿಗೆ ಒಳ್ಳೆಯ ಕೈ ಹಾಕಬೇಕಿತ್ತು. ಸ್ವಲ್ಪ ಹೊತ್ತು ಹಾಕಲಿಲ್ಲ. ಅವಳು ಬಾಗಿಕೊಂಡೇ ಕಾದಳು. ಆಮೇಲೆ ಹಾಕಿದ.

ಆ ಚಳಿಗಾಲ ಮುಗಿಯುವವರೆಗೆ ಅವರ ಮನೆಯಲ್ಲಿ ಎಲೋಫನ ಹೆಸರು ಬರಲಿಲ್ಲ.